ಎಡದಂಡೆ ಕಾಲುವೆಯ ಜಾಡಿನಲ್ಲಿ: ಮುನಿರಾಬಾದಿನಿಂದ ಮಸ್ಕಿಗೆ

ತುಂಗಭದ್ರಾ ಕಣಿವೆಗೆ ಬರುವವರಲ್ಲಿ ಹೆಚ್ಚಿನವರು ಹಂಪಿ ನೋಡಿ, ನದಿಯಾಚೆಯ ಅಂಜನಾದ್ರಿ ಹತ್ತಿಳಿದು ಊರಿಗೆ ಮರಳುತ್ತಾರೆ. ಇಲ್ಲಿನ ಮಣ್ಣು, ನೀರು, ಜನರನ್ನು ಅರಿಯಬೇಕೆನ್ನುವವರಿಗೆ ನನ್ನ ಸಲಹೆ ಬೇರೆ. ಮುನಿರಾಬಾದಿನಲ್ಲಿ ತುಂಗಭದ್ರಾ ಅಣೆಕಟ್ಟೆಯ ಎಡದಂಡೆ ಮುಖ್ಯ ಕಾಲುವೆ ಹೊರಡುವಲ್ಲಿಂದ ಆರಂಭಿಸಿ ಗಂಗಾವತಿ, ಕಾರಟಗಿ, ಸಿಂಧನೂರುಗಳ ಮೂಲಕ ಮಸ್ಕಿಯವರೆಗೆ ನೀರು ಹರಿಯುವ ದಿಕ್ಕಿನಲ್ಲೇ ಸಾಗಬೇಕು. ಮೇಲಿನ ಊರುಗಳಲ್ಲಿ ಧಾರಾಳವಾಗಿ ಹರಿಯುವ ನೀರು ಕೆಳಗಿಳಿದಂತೆ ಹೇಗೆ ತುಟ್ಟಿಯಾಗುತ್ತದೆ ಎಂಬುದು ಈ ಕ್ರಮದಲ್ಲಿ ಹೋದಾಗ ತಾನಾಗಿಯೇ ತಿಳಿಯುತ್ತದೆ.

ಮುನಿರಾಬಾದಿಗೆ ರೈಲಿದೆ. ಪಕ್ಕದ ಹುಲಿಗಿಯಲ್ಲಿ ಹುಲಿಗೆಮ್ಮನ ಗುಡಿಯಿರುವುದರಿಂದ ಮಂಗಳವಾರ, ಶುಕ್ರವಾರ ಮತ್ತು ಹುಣ್ಣಿಮೆಯ ದಿನಗಳಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ದರ್ಶನಕ್ಕಾಗಿಯೇ ಬರುವವರಲ್ಲದಿದ್ದರೆ ಬೇರೆ ದಿನ ಆರಿಸಿಕೊಳ್ಳುವುದು ಒಳ್ಳೆಯದು. 1953ರಲ್ಲಿ ಪೂರ್ಣಗೊಂಡ ಅಣೆಕಟ್ಟೆಗೆ 33 ಕ್ರಸ್ಟ್ ಗೇಟುಗಳಿವೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ಇಡೀ ಅಚ್ಚುಕಟ್ಟು ಪ್ರದೇಶವೇ ಉಸಿರು ಬಿಗಿಹಿಡಿದಿತ್ತು. ಆರಂಭದಲ್ಲಿ 133 ಟಿಎಂಸಿ ಅಡಿಯಷ್ಟಿದ್ದ ಜಲಾಶಯದ ಸಾಮರ್ಥ್ಯ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. ಮುಂದಿನ ಊರುಗಳ ಚಹಾದಂಗಡಿಗಳಲ್ಲಿ ಈ ಅಂಕಿಗಳನ್ನು ಪಂಚಾಂಗದಂತೆ ಬಾಯಿಪಾಠ ಒಪ್ಪಿಸುವ ರೈತರು ಸಿಗುತ್ತಾರೆ.

ಮುಖ್ಯ ಕಾಲುವೆಯನ್ನು ಹಿಡಿಯುವ ಮುನ್ನ ಸಾಣಾಪುರ ಮತ್ತು ಆನೆಗೊಂದಿಗಳ ಕಡೆ ಹೋಗಬೇಕು. ಬಂಡೆಗುಡ್ಡಗಳ ನಡುವಿನ ಈ ಕಿರಿದಾದ ಪಟ್ಟಿಗೆ ವಿಜಯನಗರದ ಅರಸರ ಕಾಲದ ಕಾಲುವೆಗಳು ಇಂದಿಗೂ ನೀರುಣಿಸುತ್ತವೆ. ವರ್ಷದ ಬಹುಪಾಲು ನೀರಿರುವುದರಿಂದ ಇಲ್ಲಿ ಬಾಳೆ, ಕಬ್ಬು, ಭತ್ತ ಒಂದರ ಪಕ್ಕದಲ್ಲೊಂದು ಬೆಳೆಯುತ್ತವೆ. ಮಳೆಗಾಲದಲ್ಲಿ ಅಣೆಕಟ್ಟೆಯಿಂದ ನದಿಗೆ ನೀರು ಬಿಟ್ಟಾಗ, ಒಂಬತ್ತು ಮಾಧ್ವ ಯತಿಗಳ ಸಮಾಧಿಗಳಿರುವ ನವವೃಂದಾವನದ ನಡುಗಡ್ಡೆಗೆ ಹೋಗಲಾಗದು. ಗಂಗಾವತಿ ಮತ್ತು ಕಂಪ್ಲಿ ನಡುವಿನ ಸೇತುವೆಯೂ ಮುಳುಗುತ್ತದೆ. ಬಳ್ಳಾರಿ ಕಡೆಯಿಂದ ಬರುವವರು ಹೊರಡುವ ಮೊದಲು ಹೊರಹರಿವು ಎಷ್ಟಿದೆಯೆಂದು ವಿಚಾರಿಸಿಕೊಳ್ಳಲಿ.

ಗಂಗಾವತಿಯಲ್ಲಿ ಒಂದು ರಾತ್ರಿಯಾದರೂ ತಂಗಬೇಕು. ಬೆಳಿಗ್ಗೆ ಬೇಗನೆದ್ದು ಹಿರೇಬೆಣಕಲ್ಲಿನ ಗುಡ್ಡ ಹತ್ತಿದರೆ, ಬೃಹತ್ ಕಲ್ಲುಚಪ್ಪಡಿಗಳನ್ನು ನಿಲ್ಲಿಸಿ ಕಟ್ಟಿದ ಕಬ್ಬಿಣಯುಗದ ಸಮಾಧಿಗಳು ಸಾಲುಸಾಲಾಗಿ ಕಾಣುತ್ತವೆ. ಮೇಲೆ ನೀರು ಸಿಗದು, ದಾರಿಯೂ ಅಲ್ಲಲ್ಲಿ ಕವಲೊಡೆಯುತ್ತದೆ. ಆದ್ದರಿಂದ ಊರಿನವರೊಬ್ಬರನ್ನು ಜೊತೆಗೆ ಕರೆದೊಯ್ಯುವುದು ಕ್ಷೇಮ. ಇಳಿದು ಬಂದ ಮೇಲೆ ಮಿರ್ಚಿ, ಮಂಡಕ್ಕಿ ಒಗ್ಗರಣೆ ಸಿಗದ ಹೋಟೆಲು ಈ ಭಾಗದಲ್ಲಿಲ್ಲ.

ಗಂಗಾವತಿಯಿಂದ ಕಾರಟಗಿಯವರೆಗೆ ಇಕ್ಕೆಲಗಳಲ್ಲೂ ಗದ್ದೆ, ನಡುನಡುವೆ ಅಕ್ಕಿ ಗಿರಣಿಗಳು. ನಾಟಿಯನ್ನು ನೋಡಬೇಕೆನ್ನುವವರು ಆಗಸ್ಟಿನಲ್ಲಿ, ಕೊಯ್ಲನ್ನು ನೋಡಬೇಕೆನ್ನುವವರು ನವೆಂಬರ್ ಕೊನೆಯ ಹೊತ್ತಿಗೆ ಬರಬೇಕು. ನಾಟಿಯ ದಿನಗಳಲ್ಲಿ ಹೆಣ್ಣುಮಕ್ಕಳು ಮೊಣಕಾಲುದ್ದದ ಕೆಸರಿನಲ್ಲಿ ಸಾಲಾಗಿ ಬಾಗಿ, ಎಡಗೈಯಲ್ಲಿ ಸಸಿಯ ಕಟ್ಟು ಹಿಡಿದು, ಬಲಗೈ ಹೆಬ್ಬೆರಳಿನಿಂದ ಬೇರನ್ನು ಒತ್ತುತ್ತ ಹಿಂದಹಿಂದಕ್ಕೆ ಸರಿಯುವ ವೇಗ ಬೆರಗು ಹುಟ್ಟಿಸುತ್ತದೆ. ಕೊಯ್ಲಿನ ಕಾಲದಲ್ಲಿ ಬೈಕಿನಲ್ಲಿ ಬರುವವರಿಗೆ ಒಂದು ಎಚ್ಚರಿಕೆ: ರಸ್ತೆಯ ಅರ್ಧಭಾಗದಲ್ಲಿ ಭತ್ತ ಒಣಹಾಕಿ, ಅಂಚಿನುದ್ದಕ್ಕೂ ಕಲ್ಲು ಇಟ್ಟಿರುತ್ತಾರೆ. ಕತ್ತಲಾದ ಮೇಲೆ ಆ ಕಲ್ಲುಗಳು ಕಾಣುವುದಿಲ್ಲ.

ಊರುಗಳ ಹೆಸರಿನೊಂದಿಗೆ 'ಕ್ಯಾಂಪ್' ಎಂಬುದು ಮತ್ತೆ ಮತ್ತೆ ಎದುರಾಗುತ್ತದೆ. ಕಾಲುವೆ ಬಂದ ಮೇಲೆ ಕರಾವಳಿ ಆಂಧ್ರದಿಂದ ಭತ್ತದ ಬೇಸಾಯ ಬಲ್ಲ ಕುಟುಂಬಗಳು ಬಂದು, ಒಣಭೂಮಿಯನ್ನು ಕೊಂಡು ಗದ್ದೆಯಾಗಿಸಿ ನೆಲೆಸಿದ ಊರುಗಳಿವು. ಮನೆಯೊಳಗೆ ತೆಲುಗು, ಸಂತೆಯಲ್ಲಿ ಕನ್ನಡ. ಸಿಂಧನೂರಿನ ಬಳಿಯ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿವೆ. ಇವು ಜನರು ಬದುಕುವ ಊರುಗಳಾದುದರಿಂದ, ಕೇಳದೆ ಫೋಟೊ ತೆಗೆಯುವುದು ಸರಿಯಲ್ಲ.

ಸಿಂಧನೂರು ದಾಟಿದಂತೆ ಮಾತಿನ ಧಾಟಿ ಬದಲಾಗುತ್ತದೆ. ಎಡದಂಡೆ ಕಾಲುವೆಯನ್ನು ಯೋಜಿಸಿದ್ದು ಬಹುಪಾಲು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳಿಗಾಗಿ. ಮೇಲ್ಭಾಗದಲ್ಲಿ ಭತ್ತ ಹರಡಿದ್ದರಿಂದ ಕೆಳಭಾಗದ ಹೊಲಗಳಿಗೆ ಬರಬೇಕಾದ ನೀರು ಬರುವುದಿಲ್ಲ. ಹಸಿರು ನೋಡಿ ಮೆಚ್ಚುವ ಪ್ರವಾಸಿಗರು ಈ ಲೆಕ್ಕವನ್ನೂ ನೋಡಬೇಕೆಂಬುದು ನನ್ನ ಅಭಿಪ್ರಾಯ. ನೀರಿಗಾಗಿ ರೈತರು ರಸ್ತೆ ತಡೆ ನಡೆಸಿದರೆ ಬಸ್ಸುಗಳು ಗಂಟೆಗಟ್ಟಲೆ ನಿಲ್ಲುತ್ತವೆಯಾದ್ದರಿಂದ, ಮುಂದಿನ ರೈಲಿಗೆ ಟಿಕೆಟ್ ಮಾಡಿಸಿದವರು ಕೈಯಲ್ಲಿ ಸಾಕಷ್ಟು ಸಮಯವಿಟ್ಟುಕೊಳ್ಳಲಿ.

ಮಸ್ಕಿಯಲ್ಲಿ ನೋಡಬೇಕಾದದ್ದು 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನ. ಅದಕ್ಕೂ ಮುನ್ನ ಸಿಕ್ಕ ಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂದಷ್ಟೇ ಕರೆಸಿಕೊಂಡ ಅರಸನು ಅಶೋಕನೇ ಎಂಬುದು ಖಚಿತವಾದದ್ದು ಇಲ್ಲಿನ ಬರಹದಿಂದ. ಬಂಡೆಯ ಮೇಲಿನ ಅಕ್ಷರಗಳು ಮಾಸಿರುವುದರಿಂದ ನಡುಮಧ್ಯಾಹ್ನಕ್ಕಿಂತ ಓರೆಬಿಸಿಲಿರುವ ಹೊತ್ತಿನಲ್ಲಿ ಅವು ಚೆನ್ನಾಗಿ ಕಾಣುತ್ತವೆ. ಅಲ್ಲಿಂದ ಲಿಂಗಸುಗೂರಿನ ಕಡೆಗೂ ಸಿಂಧನೂರಿನ ಕಡೆಗೂ ಬಸ್ಸುಗಳಿವೆ. ರೈಲು ಬೇಕೆನ್ನುವವರು ಸಿಂಧನೂರಿಗೇ ಮರಳಬೇಕು.