ನ್ಯೂಜಿಲೆಂಡ್ ಸೈಕಲ್ ಪ್ರವಾಸ, 9ನೇ ದಿನ: ಫಾಕ್ಸ್ ಗ್ಲೇಸಿಯರ್ ಊರು ಮುಟ್ಟಿದೆ

ದಕ್ಷಿಣದ ತುದಿ ಕಡಿ ಇರೂ ಬ್ಲಫ್‌ದಿಂದ ಹೊಂಟು ಇವತ್ತಿಗೆ ಒಂಬತ್ತು ದಿನ ಆತು, ಮೀಟರ್‌ನ್ಯಾಗ 550 ಕಿ.ಮೀ. ಹತ್ರ ಬಂದೈತಿ. ವಾನಾಕಾ, ಮಕರೋರಾ ತನಕ ಬಿಸಲಿತ್ತು, ಆರಾಮ ಬಂದೆ, ಅದರ ಬಗ್ಗೆ ಭಾಳ ಹೇಳೂದಿಲ್ಲ. ಹೇಳೂದಿರೂದು ಗುಡ್ಡ ದಾಟೂ ಘಾಟಿ, ಹಾಸ್ಟ್ ಪಾಸ್‌ದ್ದು.

ಎತ್ತರ ಏನ್ ಭಾಳ ಇಲ್ರಿ, 560 ಮೀಟರ್ ಆಸುಪಾಸು, ನಮ್ಮ ಧಾರವಾಡನ ಅದಕ್ಕಿಂತ ಎತ್ತರದಾಗೈತಿ. ಆದ್ರ ಟಾಸ್ಮನ್ ಸಮುದ್ರದ ಕಡಿಂದ ಬರೂ ಗಾಳಿ ಸದರ್ನ್ ಆಲ್ಪ್ಸ್ ಗುಡ್ಡಕ್ಕ ಬಡದು ಮ್ಯಾಲೇರಿ ತಣ್ಣಗಾಗಿ ಇದ್ದ ನೀರೆಲ್ಲಾ ಪಶ್ಚಿಮದ ಮಗ್ಗಲಕ್ಕ ಸುರದುಬಿಡ್ತೈತಿ, ಹಿಂದಿರೂ ವಾನಾಕಾ ಒಣಾ ಉಳೀತೈತಿ. ಅಣಶಿ ಘಾಟಿನ್ಯಾಗ ಸುರದ ಮಳಿ ಗದಗ, ಮುಂಡರಗಿ ಮುಟ್ಟೂದ್ರಾಗ ಬರೇ ಮೋಡ ಆಗಿರ್ತೈತೆಲ್ಲಾ, ಅದ ಲೆಕ್ಕ. ಮುಂದ ಬರೂ ಹೋಕಿಟಿಕಾದಾಗ ವರ್ಷಕ್ಕ 2,800 ಮಿ.ಮೀ. ಮ್ಯಾಲ ಬೀಳ್ತೈತಿ.

ಜುಲೈನ್ಯಾಗ ಧಾರವಾಡದಿಂದ ದಾಂಡೇಲಿಗೆ ನಾಕ್ ಸಲ ಮಳ್ಯಾಗ ಹೊಡದು ತಯಾರಿ ಮಾಡ್ಕೊಂಡಿದ್ದೆ, ತೊಯ್ಸಿಕೊಳ್ಳೂದು ರೂಢಿ ಆಗೈತಿ ಅಂತ ಧೈರ್ಯ ಇತ್ತು. ಆದ್ರ ಅಲ್ಲಿ ಮಳಿ ಬೆಚ್ಚಗಿರ್ತೈತಿ, ಇಲ್ಲಿ ಅಕ್ಟೋಬರ್ ಅಂದ್ರ ಈಗಷ್ಟ ಚಳಿಗಾಲ ಮುಗದೈತಿ, ಪಾಸ್ ಮ್ಯಾಲ 7 ಡಿಗ್ರಿ. ಇಳೂ ಮುಂದ ಬೆರಳು ಮರಗಟ್ಟಿ ಬ್ರೇಕ್ ಹಿಡಿಯಾಕ ಆಗವಲ್ದು. ರೇನ್‌ಕೋಟ್ ಎಷ್ಟ್ ತುಟ್ಟಿದು ತಗೊಂಡ್ರೂ ಏರಾಗ ಒಳಗಿನ ಬೆವರಿಗೇ ಮೈ ಹಸಿ ಆಗ್ತೈತಿ, ಇಳಕಲದಾಗ ಅದ ಹಸಿ ಗಾಳಿಗೆ ಸಿಕ್ಕು ನಡುಗಸ್ತೈತಿ. ಅರ್ಧಾ ಇಳದು ಗಿಡದ ಬುಡಕ ನಿಂತು ಪಾಲಿಯೆಸ್ಟರ್ ಬನಿಯನ್ ತಗದು ಉಣ್ಣಿ ಬನಿಯನ್ ಹಾಕ್ಕೊಂಡೆ, ಹತ್ತ ನಿಮಿಷದಾಗ ಜೀವ ಬಂತು. ತೊಯ್ದ್ರೂ ಉಣ್ಣಿ ಬೆಚ್ಚಗಿಡ್ತೈತಿ. ಕಲಘಟಗಿ ಕಡೆ ನಮ್ಮಜ್ಜ ಭತ್ತದ ಗದ್ಯಾಗ ಕಂಬಳಿ ಕೊಪ್ಪಿ ಹೊತ್ಕೊಂಡು ದಿನಾ ಪೂರ್ತಿ ಮಳ್ಯಾಗ ನಿಂದರ್ತಿದ್ದ, ಆ ಕಂಬಳಿ ಯಾಕಂತ ನನಗ ಇಲ್ಲಿ ಬಂದ ಮ್ಯಾಲ ತಿಳೀತು. ಈಗ ನಾನು ಒಣಾ ಇರೂ ಪ್ರಯತ್ನ ಬಿಟ್ಟೀನಿ, ಬೆಚ್ಚಗಿದ್ರ ಸಾಕು. ಒಂದ ಜೋಡಿ ಒಣಾ ಅರಬಿ ಮಾತ್ರ ಪ್ಲಾಸ್ಟಿಕ್ ಚೀಲದಾಗ ಕಟ್ಟಿಟ್ಟಿರ್ತೀನಿ, ಅದು ಟೆಂಟಿನ್ಯಾಗ ಮಲಗೂ ಮುಂದಷ್ಟ.

ಬ್ರೇಕ್ ವಿಚಾರ, ನಂದು ರಿಮ್ ಬ್ರೇಕ್, ಅಂದ್ರ ರಬ್ಬರ್ ಪ್ಯಾಡ್ ಗಾಲಿಯ ಅಂಚು (ರಿಮ್) ಒತ್ತಿ ಹಿಡಿಯೂದು. ರಿಮ್ ಹಸಿ ಇದ್ರ ಮೊದ್ಲ ಒಂದೆರಡು ಸುತ್ತು ನೀರು ಒರಸಾಕ ಹೋಗ್ತೈತಿ, ಆಮ್ಯಾಲ ಹಿಡೀತೈತಿ, ಹಂಗಾಗಿ ತಿರುವಿಗಿಂತ ಭಾಳ ಮೊದ್ಲ ಒತ್ತಬೇಕು. ರಸ್ತಾದ ಉಸುಕು ಸೇರಿ ಪ್ಯಾಡ್ ಅರದಂಗ ಸವಿಸ್ತೈತಿ, ಹೊಸಾ ಪ್ಯಾಡ್ ಪಾಸ್ ಇಳದು ಹಾಸ್ಟ್ ಊರು ಮುಟ್ಟೂದ್ರಾಗ ಅರ್ಧಾ ಆಗಿದ್ವು. ಹಾಸ್ಟಿನ್ಯಾಗ ಒಂದಿನ ನಿಂತು ಬದಲಿ ಮಾಡಿ, ಚೈನಿಗೆ ಮಳಿಗಾಲದ ದಪ್ಪ ಎಣ್ಣಿ ಬಿಟ್ಟೆ. ಮಳಿಗಾಲದಾಗ ಸೈಕಲ್ ಹೊಡಿಯೋರು ಎರಡು ಜೋಡಿ ಹೆಚ್ಚಿಗಿ ಪ್ಯಾಡ್ ಇಟ್ಕೋರಿ.

ಹಾಸ್ಟ್ ನದಿ ಮ್ಯಾಲಿನ ಸೇತುವಿ 700 ಮೀಟರ್ ಮ್ಯಾಲ ಉದ್ದ, ಆದ್ರ ಒಂದ ಗಾಡಿ ಹೋಗೂವಷ್ಟ ಅಗಲ, ನಡುನಡುವ ಸರದು ನಿಂದರಾಕ ಜಾಗಾ ಮಾಡ್ಯಾರ. ಅಡ್ಡಗಾಳಿ ಇತ್ತು, ಹಿಂದಿನ ಲಾರಿಯಂವಾ ಹಾರ್ನ್ ಹೊಡೀಲಾರ್ದ ನನ್ನ ಸ್ಪೀಡಿಗೇ ಬಂದ, ದಾಟಿದ ಮ್ಯಾಲ ಕೈ ಎತ್ತಿ ನಮಸ್ಕಾರ ಮಾಡಿದೆ. ಅಲ್ಲಿಂದ ಫಾಕ್ಸ್ 120 ಕಿ.ಮೀ. ನೈಟ್ಸ್ ಪಾಯಿಂಟ್ ಅಂತ ಸಮುದ್ರದ ಮ್ಯಾಲಿನ ಗುಡ್ಡ ಬರ್ತೈತಿ, ಸರ್ವೆ ಮಾಡೂ ಮನಷ್ಯಾನ ನಾಯಿ ಹೆಸರು ಇಟ್ಟಾರ ಅದಕ್ಕ, 1965ರಾಗ ಈ ರಸ್ತಾ ಕೂಡಿದ್ದು ಅಲ್ಲೇ. ನಿಂತು ಶೇಂಗಾ ಚಟ್ನಿ ಹಚ್ಚಿ ಬ್ರೆಡ್ ತಿಂದೆ. ನಿಂತ್ರ ಸ್ಯಾಂಡ್‌ಫ್ಲೈ ಅನ್ನೂ ಹುಳಾ ಮುಕರ್ತಾವು, ಕಡದಲ್ಲಿ ದಿನಗಟ್ಟಲೆ ತುರಸ್ತೈತಿ.

ರಾತ್ರಿ ಅವ್ವಗ ಫೋನ್ ಹಚ್ಚಿದ್ದೆ, ಇಲ್ಲಿ ನಮಗಿಂತ ಏಳೂವರಿ ತಾಸು ಮುಂದ, ಅಕಿ ಆಗಿನ್ನೂ ಮಧ್ಯಾಹ್ನದ ಊಟಕ್ಕ ಕುಂತಿದ್ಲು. "ತಲಿ ಒರಸ್ಕೊಂಡಿಯೇನೋ ಯಪ್ಪಾ" ಅಂದ್ಲು, ಮೊದಲ ಮಾತ ಅದು.

ನಾಳೆ ಫ್ರಾಂಜ್ ಜೋಸೆಫ್, ಬರೇ 23 ಕಿ.ಮೀ. ಆದ್ರ ಮೂರು ದೊಡ್ಡ ಏರು. ಸಾಕ್ಸ್ ಹೀಟರ್ ಮ್ಯಾಲ ಹಾಕೀನಿ, ಮುಂದಿನ ಪ್ಯಾಡ್ ಇನ್ನೊಮ್ಮೆ ನೋಡಿ ಮಲಕೊಂತೀನಿ.