ಮಲಯಾಳಿಗಳಿಗೆ ಕನ್ನಡ: ಕ್ರಿಯಾಪದದ ಬಾಲ ಹಿಡಿದ ಮಳೆಗಾಲ

ಜೂನ್, ಶಾಲೆ ಶುರುವಾದ ಮೇಲೆ

ಕುಂಬಳೆ ಹತ್ತಿರದ ನಮ್ಮ ವಾಚನಾಲಯದಲ್ಲಿ ಭಾನುವಾರ ಸಂಜೆಯ ಕನ್ನಡ ಕ್ಲಾಸು ಮತ್ತೆ ಶುರುವಾಗಿದೆ. ಬರುವವರು ಬೇರೆ ಜಿಲ್ಲೆಗಳಿಂದ ವರ್ಗವಾಗಿ ಬಂದ ಮಲಯಾಳಿಗಳು. ಕೊಲ್ಲಂ ಕಡೆಯ ನರ್ಸ್, ತೃಶೂರಿನ ಬ್ಯಾಂಕ್ ಕ್ಲರ್ಕ್, ವಿಲೇಜ್ ಆಫೀಸಿನ ಇಬ್ಬರು, ಹೀಗೆ. ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿದರೂ ಇಲ್ಲಿಯ ಎಷ್ಟೋ ಮನೆಗಳ ಮಾತು ಕನ್ನಡ, ತುಳುವೇ. ಕೌಂಟರಿನ ಆಚೆ ನಿಂತ ಅಜ್ಜಿಗೆ ಮಲಯಾಳಂ ಬಾರದು, ಈಚೆ ಕೂತವರಿಗೆ ಕನ್ನಡ ಬಾರದು. ಭಾಷಾ ಅಲ್ಪಸಂಖ್ಯಾತರ ಹಕ್ಕಿಗಾಗಿ ಮನವಿ ಕೊಡುವುದು ಬೇಕೇ ಬೇಕು. ಈಚೆ ಕೂತವರಿಗೆ ಕನ್ನಡ ಕಲಿಸುವುದೂ ಅದೇ ಹಕ್ಕಿನ ಕೆಲಸ ಎಂದು ನನ್ನ ನಂಬಿಕೆ.

ಅಕ್ಷರ ಕಲಿಸುವುದು ಕಷ್ಟವಾಗಲಿಲ್ಲ. ಎರಡೂ ಭಾಷೆಯ ಅಕ್ಷರಮಾಲೆಯ ಕ್ರಮ ಹೆಚ್ಚುಕಡಿಮೆ ಒಂದೇ. ಮಲಯಾಳದ ‘ಪಾಲ್, ಪುಲಿ, ಪಲ್ಲ್’ ನಮ್ಮಲ್ಲಿ ‘ಹಾಲು, ಹುಲಿ, ಹಲ್ಲು’; ಅವರ ‘ವಾಯ್, ವೇರ್’ ನಮ್ಮ ‘ಬಾಯಿ, ಬೇರು’ ಎಂದು ಬೋರ್ಡಿನಲ್ಲಿ ಬರೆದದ್ದೇ ತಡ, ಅವರೇ ಹೊಸ ಜೋಡಿಗಳನ್ನು ಹುಡುಕತೊಡಗಿದರು.

ಎಲ್ಲರೂ ಎಡವುವುದು ಒಂದೇ ಕಡೆ: ‘ನಾನು ಬಂತು’, ‘ಡಾಕ್ಟ್ರು ಬಂತು’, ‘ನಾವು ಹೋಯ್ತು’. ಮಲಯಾಳದಲ್ಲಿ ಞಾನ್ ವನ್ನು, ಅವನ್ ವನ್ನು, ಅವರ್ ವನ್ನು. ಯಾರು ಬಂದರೂ ಕ್ರಿಯಾಪದ ಬದಲಾಗುವುದಿಲ್ಲ. ಕ್ರಿಯಾಪದದ ಕೊನೆಯಲ್ಲಿ ಆಳನ್ನು ತೋರಿಸುವ ಪ್ರತ್ಯಯ, ಅಂದರೆ ಬಾಲ, ಹಳೆಯ ಮಲಯಾಳದಲ್ಲಿ ಇತ್ತು, ಕಾಲಕ್ರಮದಲ್ಲಿ ಬಿದ್ದುಹೋಯಿತು. ಆದ್ದರಿಂದ ಕನ್ನಡಕ್ಕೆ ಬರುವಾಗ ಅವರು ಒಂದು ರೂಪವನ್ನು ಆರಿಸಿಕೊಂಡು ಎಲ್ಲರಿಗೂ ಅದನ್ನೇ ಹಚ್ಚುತ್ತಾರೆ. ಕಲಿಯುವವರ ತಪ್ಪುಗಳಲ್ಲಿ ಅವರ ಮನಸ್ಸಿನೊಳಗಿನ ವ್ಯಾಕರಣ ಕಾಣುತ್ತದೆ ಎಂದು ಭಾಷಾವಿಜ್ಞಾನಿ ಪಿಟ್ ಕಾರ್ಡರ್ 1967ರಲ್ಲಿ ಬರೆದ. ಲ್ಯಾರಿ ಸೆಲಿಂಕರ್ 1972ರಲ್ಲಿ ಅದಕ್ಕೆ ‘ಇಂಟರ್‌ಲ್ಯಾಂಗ್ವೇಜ್’ ಎಂದು ಹೆಸರಿಟ್ಟ. ‘ನಾನು ಬಂತು’ ಅನ್ನುವವರಿಗೆ ಒಂದು ನಿಯಮ ಇದೆ. ಅದು ಕನ್ನಡದ್ದೂ ಅಲ್ಲ, ಮಲಯಾಳದ್ದೂ ಅಲ್ಲ.

ಆಟಿ ತಿಂಗಳು, ಜೋರು ಮಳೆ

ಬಂದೆ, ಬಂದಿರಿ, ಬಂದ, ಬಂದಳು, ಬಂದರು ಎಂಬ ಕೋಷ್ಟಕವನ್ನು ಎಲ್ಲರೂ ಬಾಯಿಪಾಠ ಒಪ್ಪಿಸುತ್ತಾರೆ. ಮಾತಿಗೆ ಕೂತರೆ ಮತ್ತೆ ‘ಬಂತು’. ‘ನಾನು ಬೇಗ ಬಂತು ಮಾಷ್ಟ್ರೇ’ ಎಂದಾಗ ‘ಓ, ಬೇಗ ಬಂದಿರಾ!’ ಎಂದು ಸರಿಯಾದ ರೂಪವನ್ನು ಉತ್ತರದಲ್ಲೇ ಸೇರಿಸಿ ಹೇಳಿ ನೋಡಿದೆ. ಅವರಿಗೆ ಕೇಳಿಸಿದ್ದು ನನ್ನ ಸಂತೋಷ ಮಾತ್ರ. ಸಂಶೋಧಕರಾದ ಲಿಸ್ಟರ್ ಮತ್ತು ರಾಂಟಾ 1997ರಲ್ಲಿ ಕೆನಡಾದ ಫ್ರೆಂಚ್ ಇಮ್ಮರ್ಶನ್ (ಬೇರೆ ವಿಷಯಗಳನ್ನೂ ಫ್ರೆಂಚಿನಲ್ಲೇ ಕಲಿಸುವ) ತರಗತಿಗಳಲ್ಲಿ ಕಂಡದ್ದೂ ಇದನ್ನೇ: ಅಧ್ಯಾಪಕರು ಅರ್ಧಕ್ಕಿಂತ ಹೆಚ್ಚು ಸಲ ತಿದ್ದುತ್ತಿದ್ದದ್ದು ಹೀಗೆ ಹೊರಳಿಸಿ ಹೇಳಿಯೇ, ಮಕ್ಕಳು ಅದಕ್ಕೆ ಪ್ರತಿಕ್ರಿಯಿಸಿದ್ದು ಮಾತ್ರ ಎಲ್ಲಕ್ಕಿಂತ ಕಡಿಮೆ.

ದಾರಿ ಕಂಡದ್ದು ಭಾಷಾಕಲಿಕೆಯ ಸಂಶೋಧಕ ಬಿಲ್ ವ್ಯಾನ್‌ಪ್ಯಾಟನ್ ಅವರ ವಾದದಲ್ಲಿ. ಒಂದೇ ಅರ್ಥವನ್ನು ಒಂದು ಶಬ್ದವೂ ಒಂದು ಪ್ರತ್ಯಯವೂ ಹೇಳುತ್ತಿದ್ದರೆ ಕಲಿಯುವವರ ಗಮನ ಶಬ್ದದ ಮೇಲೆ ನಿಲ್ಲುತ್ತದೆ, ಪ್ರತ್ಯಯ ಕಿವಿಗೆ ಬೀಳದೆ ಹೋಗುತ್ತದೆ. ‘ನಾನು’ ಎಂದು ಕೇಳಿಸಿದ ಮೇಲೆ ‘ಬಂದೆ’ಯ ‘ಎ’ ಯಾರಿಗೆ ಬೇಕು? ಹಾಗಾದರೆ ‘ನಾನು’ವನ್ನೇ ತೆಗೆಯಬೇಕು. ಕನ್ನಡಕ್ಕೆ ಇದು ತೀರ ಸಹಜ. ಮನೆಯಲ್ಲಿ ನಾವು ಮಾತಾಡುವುದೇ ಹಾಗೆ.

ಈಗ ಕಾರ್ಡುಗಳಲ್ಲಿ ಕರ್ತೃಪದವೇ ಇಲ್ಲ. ನರ್ಸಮ್ಮನಿಗೆಂದು ಮಾಡಿದ ಕಾರ್ಡು ಇದು. ಮನೆಯಲ್ಲಿ ಅಜ್ಜ, ಸಣ್ಣ ಹುಡುಗಿ, ಮಾತಾಡುತ್ತಿರುವ ಸೊಸೆ. ಸೊಸೆ ಹೇಳುತ್ತಾಳೆ: ‘ಬಿ.ಪಿ. ಮಾತ್ರೆ ತಗೊಂಡ್ರು. ಕೆಮ್ಮಿನ ಮದ್ದು ಕುಡಿದ್ಲು. ನಿನ್ನೆ ಇಂಜೆಕ್ಷನ್ ಹಾಕಿಸಿಕೊಂಡೆ. ಗಂಜಿ ಉಣ್ಲಿಲ್ಲ.’ ಯಾರು ಏನು ತಗೊಂಡರು ಎಂದು ಚೀಟಿಯಲ್ಲಿ ತುಂಬಬೇಕು. ಮೊದಲ ಮೂರಕ್ಕೆ ಬಾಲ ಹಿಡಿದೇ ಆಳನ್ನು ಗುರುತಿಸಬೇಕು. ನಾಲ್ಕನೆಯದಕ್ಕೆ ಬಂದಾಗ ಆಕೆ ಪೆನ್ನು ನಿಲ್ಲಿಸಿ ಕೇಳಿದರು: ‘ಯಾರು ಉಣ್ಲಿಲ್ಲ?’ ಕೇಳಲೇಬೇಕಾದ ಪ್ರಶ್ನೆ ಅದು. ‘ಇಲ್ಲ’ ಬಂದಲ್ಲಿ ನಮ್ಮ ಕ್ರಿಯಾಪದವೂ ಮಲಯಾಳದ ‘ವನ್ನಿಲ್ಲ’ದ ಹಾಗೆ ಯಾರಿಗೂ ಬಾಗುವುದಿಲ್ಲ. ಅದಕ್ಕೇ ಈ ಗುಂಪಿನಲ್ಲಿ ‘ಬರಲಿಲ್ಲ, ಹೋಗಲಿಲ್ಲ’ವನ್ನು ಯಾರೂ ತಪ್ಪುವುದಿಲ್ಲ. ಅಂದು ನನಗಾದ ಖುಷಿ ಅಷ್ಟಿಷ್ಟಲ್ಲ.

ಇಂಥ ಕೆಲಸ ಕೊಟ್ಟು ಕಲಿಸುವ ಕ್ರಮವನ್ನು ದೊಡ್ಡ ಮಟ್ಟದಲ್ಲಿ ಮಾಡಿ ತೋರಿಸಿದ್ದು ನಮ್ಮ ಪಕ್ಕದಲ್ಲೇ. ಎನ್. ಎಸ್. ಪ್ರಭು 1979ರಿಂದ 1984ರವರೆಗೆ ದಕ್ಷಿಣ ಭಾರತದ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಲು ನಡೆಸಿದ ‘ಬೆಂಗಳೂರು ಪ್ರಾಜೆಕ್ಟ್’ ಅದು. ವ್ಯಾಕರಣದ ಪಾಠವಿಲ್ಲ, ಮಕ್ಕಳ ಮುಂದೆ ವೇಳಾಪಟ್ಟಿ, ನಕ್ಷೆ. ಲೆಕ್ಕ ಹಾಕಿ ಉತ್ತರ ಹೇಳಬೇಕು. ಅರ್ಥದ ಮೇಲೆ ಮನಸ್ಸು ಇದ್ದಾಗ ವ್ಯಾಕರಣ ತಾನಾಗಿ ಕೂರುತ್ತದೆ ಎಂಬುದು ಅವರ ನಿಲುವು. ನಾನು ಪ್ರಭು ಅವರ ಪಕ್ಷದವನೇ. ಆದರೆ ವಾರಕ್ಕೊಂದೇ ಸಂಜೆ ಸಿಗುವ ದೊಡ್ಡವರಿಗೆ ಈ ಬಾಲದ ಕಡೆ ಕಣ್ಣು ತಿರುಗಿಸಿ ಕೊಡಲೇಬೇಕು ಅನ್ನುತ್ತದೆ ನನ್ನ ಅನುಭವ.

ಓಣಂ ರಜೆ ಮುಗಿದ ಮೇಲೆ

ಕೇಳಿ ಗುರುತಿಸುವುದು ಈಗ ಬಹುತೇಕ ಎಲ್ಲರಿಗೂ ಬರುತ್ತದೆ. ಮಾತಿನಲ್ಲಿ ‘ಬಂದೆ’ ಚೆನ್ನಾಗಿ ಕೂತಿದೆ, ‘ಬಂದೆವು’ ಇನ್ನೂ ಜಾರುತ್ತದೆ. ಬ್ಯಾಂಕಿನವರು ‘ನಾವು ಹೋ…’ ಎಂದು ನಿಂತು, ತಾವೇ ‘ಹೋದೆವು’ ಎಂದು ಮುಗಿಸಿದರು. ಆ ನಿಲುಗಡೆಯನ್ನು ನಾನು ತುಂಬಿಕೊಡುವುದಿಲ್ಲ. ತಾವೇ ಹುಡುಕಿ ತಂದ ರೂಪ ಉಳಿಯುತ್ತದೆ.

ಹೊಸ ಪ್ರಶ್ನೆ ತಂದವರು ನರ್ಸಮ್ಮನೇ. ಬದಿಯಡ್ಕ ಕಡೆಯ ಹವ್ಯಕರ ಮನೆಯೊಂದಕ್ಕೆ ಹೋದಾಗ ‘ಅಕ್ಕ ಬಂತು’ ಎಂದದ್ದನ್ನು ಕೇಳಿದರಂತೆ. ‘ಇಲ್ಲಿಯವರೇ ಹೇಳ್ತಾರಲ್ಲ ಮಾಷ್ಟ್ರೇ, ನಾವು ಹೇಳಿದ್ರೆ ಯಾಕೆ ತಪ್ಪು?’ ನಿಜ, ನಮ್ಮ ಕಡೆಯ ಹವ್ಯಕ ಕನ್ನಡದಲ್ಲಿ ಹೆಂಗಸರಿಗೂ ‘ಬಂತು’ ಎಂದೇ ಬಳಕೆ, ಅದರಲ್ಲಿ ಅಗೌರವ ಏನೂ ಇಲ್ಲ. ಆದರೆ ಅಲ್ಲಿಯೂ ತನ್ನ ಬಗ್ಗೆ ಹೇಳುವಾಗ ‘ಆನು ಬಂದೆ’, ಗಂಡಸಿಗೆ ‘ಬಂದ’. ಅವರು ಕಿವಿಗೊಟ್ಟು ಕೇಳುತ್ತಿದ್ದಾರೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ.

ಮುಂದಿನ ಕಂತಿನ ಕಾರ್ಡುಗಳಿಗೆ ಬರೆದ ಕನ್ನಡ ಸಾಕಾಗದು. ನೆರೆಮನೆಯ ಹಿರಿಯರಿಂದ ಹವ್ಯಕ ಮಾತು, ಪೇಟೆಯ ಅಂಗಡಿಯ ಕನ್ನಡ, ತುಳು ಮನೆಮಾತಿನವರ ಕನ್ನಡ ಮೂರನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿಸಿಕೊಳ್ಳುತ್ತಿದ್ದೇನೆ. ಒಂದೇ ಘಟನೆ, ಮೂರು ಮನೆ, ಕರ್ತೃಪದ ಎಲ್ಲಿಯೂ ಇಲ್ಲ. ಹವ್ಯಕದ್ದು ಸಿದ್ಧವಾಗಿದೆ, ಉಳಿದೆರಡು ದಸರಾಕ್ಕೆ ಮೊದಲು ಮುಗಿಯಬೇಕು.