ಅಣ್ಣನಿಗೊಂದು ಪಟ್ಟಿ, ತಂಗಿಗೊಂದು ಪಟ್ಟಿ

ಮೂರು ವರ್ಷದ ಮಗನ ಹಣೆಯ ಮೇಲೆ ಚಿಕನ್‌ಪಾಕ್ಸ್ ಉಳಿಸಿಹೋದ ಎರಡು ಕಲೆಗಳಿವೆ. ಅವನು ಕಳೆದ ವರ್ಷ ನರ್ಸರಿಯಿಂದ ಅದನ್ನು ಅಂಟಿಸಿಕೊಂಡು ಬಂದಾಗ ಇಂಗ್ಲೆಂಡಿನ ಮಕ್ಕಳ ಲಸಿಕೆ ಪಟ್ಟಿಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. 2026ರ ಜನವರಿಯಲ್ಲಿ ಮಗಳಿಗೆ ವರ್ಷ ತುಂಬಿತು. ದಡಾರ, ಮಂಗನಬಾವು, ರುಬೆಲ್ಲಾಗಳ ಜೊತೆ ಚಿಕನ್‌ಪಾಕ್ಸನ್ನೂ ಸೇರಿಸಿದ ಹೊಸ ಚುಚ್ಚುಮದ್ದನ್ನು ನರ್ಸ್ ಅವಳಿಗೆ ಹಾಕಿದರು.

"ಮೊದಲೇ ಕೊಟ್ಟಿದ್ದರೆ ಮಗು ಅಷ್ಟು ನರಳುತ್ತಿತ್ತೇನೇ? ಇವರಿಗೆ ಆಗ ಗೊತ್ತಿರಲಿಲ್ಲವೇ?" ಎಂದು ಅಮ್ಮ ಫೋನಿನಲ್ಲಿ ಕೇಳಿದಳು. ನನಗೂ ಅದೇ ಸಂಕಟವಿತ್ತು. ಹಾಗಾಗಿ ಕಾರಣ ಹುಡುಕಿ ಓದಿದೆ.

ಚಿಕನ್‌ಪಾಕ್ಸ್ ವಾಸಿಯಾದರೂ ಅದರ ವೈರಾಣು ನರಗಳಲ್ಲಿ ಅಡಗಿರುತ್ತದೆ. ವಯಸ್ಸಾದ ಮೇಲೆ ಸರ್ಪಸುತ್ತಾಗಿ ಏಳಬಹುದು. ಸುತ್ತಲಿನ ಮಕ್ಕಳಿಗೆ ಕಾಯಿಲೆ ಬಂದುಹೋಗುತ್ತಿದ್ದರೆ ದೊಡ್ಡವರ ರೋಗನಿರೋಧಕ ಶಕ್ತಿಯೂ ಆಗಾಗ ಚುರುಕಾಗುತ್ತದೆ, ಮಕ್ಕಳಿಗೆಲ್ಲ ಲಸಿಕೆ ಹಾಕಿದರೆ ಅದು ತಪ್ಪಿ ಸರ್ಪಸುತ್ತು ಹೆಚ್ಚೀತು ಎಂಬ ಆತಂಕ ಇಲ್ಲಿನ ತಜ್ಞರ ಸಮಿತಿಗೆ ಬಹುಕಾಲ ಇತ್ತು. ಅಮೆರಿಕದಲ್ಲಿ 1995ರಿಂದಲೇ ಈ ಲಸಿಕೆ ಇದೆ. ಅಲ್ಲಿನ ದಶಕಗಳ ಅನುಭವವನ್ನು ಪರಿಶೀಲಿಸಿದಾಗ ಹೆದರಿದಂತೆ ಆಗಿರಲಿಲ್ಲ. 2023ರ ನವೆಂಬರಿನಲ್ಲಿ ಸಮಿತಿ ಲಸಿಕೆಯನ್ನು ಶಿಫಾರಸು ಮಾಡಿತು.

ಅಮ್ಮನಿಗೆ ಎರಡು ವರ್ಷದ ಹಿಂದೆ ಸರ್ಪಸುತ್ತು ಆಗಿತ್ತು. ಆ ಉರಿಯಲ್ಲಿ ಅವಳು ರಾತ್ರಿಗಳನ್ನು ಕುಳಿತೇ ಕಳೆದಿದ್ದಳು. "ಹಾಗಾದರೆ ನನ್ನಂಥವರನ್ನು ನೆನೆದೇ ತಡ ಮಾಡಿದರು" ಎಂದಳು. ಅವಳ ಮಾತಿನ ನಂತರ ನನ್ನ ಸಿಟ್ಟು ಇಳಿಯಿತು. ಪಟ್ಟಿ ಬದಲಾದಾಗ ಹಳೆಯದು ತಪ್ಪಾಗಿತ್ತು ಎಂದು ಅನುಮಾನಿಸುವವರನ್ನು ಇಲ್ಲಿಯೂ ಕಾಣುತ್ತೇನೆ. ನನಗೋ, ತಮ್ಮ ತೀರ್ಮಾನವನ್ನು ಮತ್ತೆ ತೂಗಿ ನೋಡುವವರ ಮೇಲೆಯೇ ನಂಬಿಕೆ ಹೆಚ್ಚು.

ಮಕ್ಕಳೊಂದಿಗೆ ಇಲ್ಲಿಗೆ ಬರುವವರು ಊರಿನ ಲಸಿಕೆ ಕಾರ್ಡನ್ನು ದಯವಿಟ್ಟು ತನ್ನಿ. ಏನು ಆಗಿದೆ, ಏನು ಬಾಕಿ ಎಂದು ನರ್ಸ್ ಅದನ್ನು ನೋಡಿಯೇ ಹೇಳುತ್ತಾರೆ. ಬಿಸಿಜಿ ಇಲ್ಲಿ ಎಲ್ಲ ಶಿಶುಗಳಿಗೂ ಇಲ್ಲ. ಅಪ್ಪ, ಅಮ್ಮ, ಅಜ್ಜ, ಅಜ್ಜಿಯರಲ್ಲಿ ಯಾರಾದರೂ ಕ್ಷಯ ಹೆಚ್ಚಿರುವ ಭಾರತದಂಥ ದೇಶದಲ್ಲಿ ಹುಟ್ಟಿದ್ದರೆ ಕೊಡುತ್ತಾರೆ. ಮಗಳಿಗೆ ಸಿಕ್ಕಿದ್ದು ಹಾಗೆಯೇ.

ದಡಾರದ ಎರಡನೆಯ ಡೋಸ್ ಮೊದಲು ಮೂರು ವರ್ಷ ನಾಲ್ಕು ತಿಂಗಳಿಗೆ ಇತ್ತು. 2024ರ ಜುಲೈ 1ರಿಂದ ಈಚೆಗೆ ಹುಟ್ಟಿದವರಿಗೆ ಅದು ಹದಿನೆಂಟನೆಯ ತಿಂಗಳಿಗೆ ಬಂದಿದೆ. ಮಗನದು ಹಳೆಯ ಲೆಕ್ಕ, ಮಗಳದು ಹೊಸದು. ಆದರೂ ಇಬ್ಬರ ಸರದಿಯೂ ಈ ಜುಲೈಗೇ ಬಿದ್ದಿದೆ. ಚಿಕನ್‌ಪಾಕ್ಸ್ ಬಂದುಹೋದ ಮಕ್ಕಳಿಗೂ ಹೊಸ ಲಸಿಕೆಯನ್ನೇ ಕೊಡುತ್ತಾರಂತೆ. ಅಣ್ಣ ಮೊದಲು ತೋಳು ಚಾಚುತ್ತೇನೆ ಎಂದು ಅಜ್ಜಿಗೆ ಮಾತು ಕೊಟ್ಟಿದ್ದಾನೆ.